ಕೂಸು ಕೂರುವುದು ಯಾವಾಗ?



ಈ ಮಾತುಗಳನ್ನು ನೀವು ಬೆಂಚಿನ ಮೇಲೋ ಚಾಪೆಯ ಮೇಲೋ ಕುಳಿತು ಓದುತ್ತಿರಬಹುದು. ಕುಳಿತಿದ್ದೀರಿ ಎಂಬ ಸಂಗತಿ ಮಾತ್ರ ನಿಮ್ಮ ಗಮನಕ್ಕೆ ಬಂದಿರಲಾರದು. ಒಂದು ಕ್ಷಣ ಬೆನ್ನನ್ನು ಗೋಡೆಯಿಂದ ಬಿಡಿಸಿ, ಕೈಗಳನ್ನು ಮಡಿಲಲ್ಲಿಟ್ಟು, ಕಣ್ಣು ಮುಚ್ಚಿಕೊಂಡು ನೋಡಿ. ದೇಹ ಕೂದಲೆಳೆಯಷ್ಟು ಮುಂದಕ್ಕೆ, ಕೂದಲೆಳೆಯಷ್ಟು ಹಿಂದಕ್ಕೆ ತೂಗಾಡುತ್ತಿರುವುದು ತಿಳಿಯುತ್ತದೆ. ಹೊಟ್ಟೆಯ ಸ್ನಾಯು, ಬೆನ್ನಿನ ಸ್ನಾಯು ಒಂದನ್ನೊಂದು ಎಳೆದು ಹಿಡಿದು ನಿಮ್ಮನ್ನು ಬೀಳದಂತೆ ಕಾಯುತ್ತಿವೆ. ಈ ಕೆಲಸವನ್ನು ನೀವು ಯಾವ ಶಾಲೆಯಲ್ಲೂ ಕಲಿಯಲಿಲ್ಲ. ಆದರೂ ಕಲಿತದ್ದಂತೂ ನಿಜ. ಅದಕ್ಕೆ ನಿಮಗೆ ಸುಮಾರು ಅರ್ಧ ವರ್ಷ ಹಿಡಿಯಿತು.

ಮನೆಯಲ್ಲಿ ಒಮ್ಮೆ ಕೇಳಿ ನೋಡಿ: "ಅಮ್ಮಾ, ನಾನು ಎಷ್ಟು ತಿಂಗಳಿಗೆ ಕೂತೆ?" ಅಮ್ಮ "ಐದು ತುಂಬುತ್ತಲೇ ಕೂತೆ" ಎಂದು ಹೆಮ್ಮೆಯಿಂದ ಹೇಳಬಹುದು. ಪಕ್ಕದಲ್ಲಿದ್ದ ಅಜ್ಜಿ, "ಎಲ್ಲಿ, ಅದು ದಿಂಬು ಕೊಟ್ಟು ಕೂರಿಸಿದ್ದು. ತಾನಾಗಿ ಕೂತಿದ್ದು ಏಳರಲ್ಲಿ" ಎಂದು ತಿದ್ದಬಹುದು. ಇಬ್ಬರ ನೆನಪೂ ಸರಿಯಿರಬಹುದು. ಆದರೆ ಅಜ್ಜಿ ಎತ್ತಿದ ಮಾತು ವಿಜ್ಞಾನದ ಮಾತು. ಅಳೆಯುವ ಮೊದಲು, ಏನನ್ನು ಅಳೆಯುತ್ತಿದ್ದೇವೆ ಎಂದು ನಿಶ್ಚಯಿಸಿಕೊಳ್ಳಬೇಕಲ್ಲವೆ? ದಿಂಬಿಗೆ ಒರಗಿದ್ದು ಕೂರುವುದೇ? ಮುಂದೆ ಎರಡೂ ಅಂಗೈ ಊರಿಕೊಂಡು ಕಪ್ಪೆಯಂತೆ ಇದ್ದದ್ದು ಕೂರುವುದೇ?

ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೊಂದು ನಿಯಮ ಮಾಡಿಕೊಂಡಿತು. ಮಗು ತಲೆಯನ್ನು ನೆಟ್ಟಗೆ ಹಿಡಿದು, ಬೆನ್ನು ನೇರವಾಗಿಟ್ಟು, ಕೈಗಳನ್ನು ನೆಲಕ್ಕೆ ಊರದೆ ಕನಿಷ್ಠ 10 ಸೆಕೆಂಡು ಇರಬೇಕು. ಹಾಗಿದ್ದರೆ ಅದು ಆಸರೆಯಿಲ್ಲದೆ ಕುಳಿತಂತೆ. ಹತ್ತು ಸೆಕೆಂಡು ಏನು ಮಹಾ ಎನ್ನಬೇಡಿ. ಕೋಲೊಂದನ್ನು ಅಂಗೈ ಮೇಲೆ ನೆಟ್ಟಗೆ ನಿಲ್ಲಿಸುವ ಆಟವನ್ನು ನೀವೆಲ್ಲ ಆಡಿದ್ದೀರಿ. ಅದರ ಮೇಲ್ತುದಿಗೆ ಒಂದು ತೆಂಗಿನಕಾಯಿ ಕಟ್ಟಿಕೊಂಡು ಹತ್ತು ಸೆಕೆಂಡು ನಿಲ್ಲಿಸಿ ನೋಡಿ, ಆಗ ಕೂಸಿನ ಕಷ್ಟ ಅರ್ಥವಾಗುತ್ತದೆ.

ತೆಂಗಿನಕಾಯಿ ಎಂದದ್ದು ಬರಿಯ ಅಲಂಕಾರಕ್ಕಲ್ಲ. ಬೆಳೆದ ಮನುಷ್ಯನ ಎತ್ತರದಲ್ಲಿ ತಲೆಯ ಪಾಲು ಸುಮಾರು ಎಂಟನೆಯ ಒಂದು. ಹುಟ್ಟಿದ ಮಗುವಿನಲ್ಲಾದರೋ ಅದು ನಾಲ್ಕನೆಯ ಒಂದು. ಮೇಲೆ ಇಷ್ಟು ಭಾರ, ಕೆಳಗೆ ಇನ್ನೂ ಬಲಿಯದ ಬೆನ್ನು. ಹುಟ್ಟಿದಾಗ ಬೆನ್ನೆಲುಬು ಒಂದೇ ಬಾಗು, ಬಿಲ್ಲಿನ ಹಾಗೆ. ಬಸಿರಿನ ಇಕ್ಕಟ್ಟಿನಲ್ಲಿ ಮುದುರಿ ಮಲಗಿದ್ದರ ಗುರುತು. ಮಗು ಕತ್ತೆತ್ತಲು ಕಲಿಯುವಾಗ ಕುತ್ತಿಗೆಯ ಬಳಿ ಹಿಮ್ಮುಖ ಬಾಗು ಮೂಡುತ್ತದೆ. ಕೂರಲು, ನಿಲ್ಲಲು, ನಡೆಯಲು ತೊಡಗಿದ ಮೇಲೆ ಸೊಂಟದ ಬಳಿ ಇನ್ನೊಂದು ಬಾಗು ಬಲಿಯುತ್ತದೆ. ನಿಮ್ಮ ಜೀವಶಾಸ್ತ್ರದ ಪುಸ್ತಕದಲ್ಲಿರುವ ಆ ಅಂಕುಡೊಂಕಾದ ಬೆನ್ನೆಲುಬಿನ ಚಿತ್ರ ಹುಟ್ಟಿನಿಂದಲೇ ಹಾಗಿದ್ದುದಲ್ಲ. ಕತ್ತೆತ್ತಿ, ಕೂತು, ನಡೆದು ಗಳಿಸಿಕೊಂಡದ್ದು.

ಮಗುವಿನ ದೇಹದ ಮೇಲೆ ಮಿದುಳಿನ ಹತೋಟಿ ಮೇಲಿನಿಂದ ಕೆಳಕ್ಕೆ ಇಳಿದು ಬರುತ್ತದೆ. ಮೊದಲು ಕಣ್ಣು, ಆಮೇಲೆ ಕತ್ತು, ಆಮೇಲೆ ಭುಜ, ಬೆನ್ನು, ಸೊಂಟ, ಕೊನೆಗೆ ಕಾಲು. ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಕಟ್ಟಿಕೊಳ್ಳುತ್ತ ಹೋದಂತೆ ಸಂದೇಶಗಳು ಬೇಗ ಬೇಗ ಓಡಾಡುತ್ತವೆ. ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆ ಇದ್ದಂತೆ ಎಂದು ಹೇಳುವ ವಾಡಿಕೆಯುಂಟು. ಹೋಲಿಕೆ ಪೂರ್ತಿ ಸರಿಯಲ್ಲ, ಸದ್ಯಕ್ಕೆ ಸಾಕು.

ನಮ್ಮ ಹಿರಿಯರು ಮಗುವನ್ನು ಎತ್ತಿಕೊಳ್ಳುವ ಮುಂಚೆ "ಕತ್ತು ನಿಂತಿದೆಯೇ?" ಎಂದು ಕೇಳುತ್ತಿದ್ದರು. ಮೂರು ನಾಲ್ಕು ತಿಂಗಳಲ್ಲಿ ಕತ್ತು ನಿಲ್ಲುತ್ತದೆ. ಅಂಗಾತ ಮಲಗಿದ ಮಗುವಿನ ಎರಡು ಕೈ ಹಿಡಿದು ಮೆಲ್ಲನೆ ಮೇಲೆತ್ತಿದರೆ, ಎಳೆಗೂಸಿನ ತಲೆ ಹಿಂದಕ್ಕೆ ಜೋತು ಬೀಳುತ್ತದೆ. ನಾಲ್ಕು ಐದು ತಿಂಗಳ ಮಗುವಿನ ತಲೆ ಮೈಯೊಡನೆ ಒಂದೇ ಸಾಲಿನಲ್ಲಿ ಬರುತ್ತದೆ. ಮಕ್ಕಳ ವೈದ್ಯರು ಈ ಪರೀಕ್ಷೆಯನ್ನು ಮಾಡುವುದನ್ನು ನೀವು ನೋಡಿರಬಹುದು. ನೀವು ಮಾಡಲು ಹೋಗಬೇಡಿ. ಈ ನಡುವೆ ಮಗು ಬೋರಲಾಗುತ್ತದೆ. ಐದನೆಯ ತಿಂಗಳ ಹೊತ್ತಿಗೆ ಕೂರಿಸಿದರೆ ಎರಡೂ ಅಂಗೈಗಳನ್ನು ಮುಂದೆ ಊರಿ ನಿಲ್ಲುತ್ತದೆ. ಇದನ್ನು ಮುಕ್ಕಾಲಿ ಭಂಗಿ ಎನ್ನಬಹುದು. ಕೈಗಳು ಎರಡಾದರೂ ಒತ್ತಟ್ಟಿಗೇ ಊರಿರುವುದರಿಂದ ಅವು ಮುಕ್ಕಾಲಿಯ ಮೂರನೆಯ ಕಾಲಿನ ಕೆಲಸ ಮಾಡುತ್ತವೆ. ಆಮೇಲೆ ಒಂದು ದಿನ ಮುಂದೆ ಗಿಲಕಿ ಕಾಣುತ್ತದೆ, ಒಂದು ಕೈ ಮೇಲೇಳುತ್ತದೆ, ಮಗು ಪಕ್ಕಕ್ಕೆ ಉರುಳುತ್ತದೆ. ಮರುದಿನ ಮತ್ತೆ. ಹೀಗೆ ಉರುಳಿ ಉರುಳಿ ಎರಡೂ ಕೈ ಬಿಡುವಾಗುವುದು ಆರು ಏಳನೆಯ ತಿಂಗಳ ಹೊತ್ತಿಗೆ.

ಬೀಳುವುದರಲ್ಲೂ ಒಂದು ಕ್ರಮವಿದೆ. ಮುಂದಕ್ಕೆ ಬೀಳುವಾಗ ಕೈ ಊರಿ ತಡೆಯುವುದು ಮೊದಲು ಬರುತ್ತದೆ, ಪಕ್ಕಕ್ಕೆ ಬೀಳುವಾಗ ತಡೆಯುವುದು ಅದಾದ ಮೇಲೆ. ಹಿಂದಕ್ಕೆ ಬೀಳುವಾಗ ಕೈ ಹಿಂದೆ ಊರುವುದು ಎಲ್ಲಕ್ಕಿಂತ ಕೊನೆಗೆ, ಒಂಬತ್ತು ಹತ್ತು ತಿಂಗಳಲ್ಲಿ. ಆದ್ದರಿಂದಲೇ ಚೆನ್ನಾಗಿ ಕೂತಿದ್ದ ಏಳು ತಿಂಗಳ ಕೂಸು ಫಕ್ಕನೆ ಹಿಂದಕ್ಕೆ ಬಿದ್ದು ತಲೆ ಪೆಟ್ಟು ಮಾಡಿಕೊಳ್ಳುತ್ತದೆ. ಮನೆಯಲ್ಲಿ ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳುವ ಹೊಣೆ ನಿಮ್ಮ ಪಾಲಿಗೆ ಬಂದಾಗ ಈ ಸಂಗತಿ ನೆನಪಿರಲಿ. ದಿಂಬನ್ನು ಇಡುವುದಾದರೆ ಮಗುವಿನ ಬೆನ್ನಿಗೆ ಒತ್ತಿ ಇಡಬೇಡಿ. ಸ್ವಲ್ಪ ದೂರದಲ್ಲಿ, ಬೀಳುವ ಜಾಗದಲ್ಲಿ ಇಡಿ. ಮಂಚದ ಮೇಲಂತೂ ಕೂರಿಸಿ ಹೋಗಬೇಡಿ.

ಸಮತೋಲಕ್ಕೆ ಸ್ನಾಯುವಿನ ಬಲ ಒಂದೇ ಸಾಲದು. ಒಳಗಿವಿಯಲ್ಲಿರುವ ದ್ರವ ತುಂಬಿದ ಕೊಳವೆಗಳು ತಲೆ ಯಾವ ಕಡೆ ವಾಲಿದೆ ಎಂದು ತಿಳಿಸುತ್ತವೆ. ಸ್ನಾಯು, ಕೀಲುಗಳಿಂದಲೂ ಸುದ್ದಿ ಬರುತ್ತದೆ. ಮೂರನೆಯದು ಕಣ್ಣು. 1970ರ ದಶಕದಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞರು ಒಂದು ಸ್ವಾರಸ್ಯವಾದ ಪ್ರಯೋಗ ಮಾಡಿದರು. ನೆಲ ಅಲುಗದೆ, ಗೋಡೆಗಳು ಮಾತ್ರ ಮುಂದಕ್ಕೂ ಹಿಂದಕ್ಕೂ ಸರಿಯುವ ಒಂದು ಪುಟ್ಟ ಕೋಣೆ ಕಟ್ಟಿದರು. ಆಗತಾನೆ ಕೂರಲು ಕಲಿತ ಮಕ್ಕಳನ್ನು ಅದರೊಳಗೆ ಕೂರಿಸಿ ಗೋಡೆಯನ್ನು ಸರಿಸಿದಾಗ, ಮಕ್ಕಳು ಗೋಡೆ ಸರಿದ ಕಡೆಗೇ ವಾಲಿದರು. ಗೋಡೆ ತಮ್ಮತ್ತ ಬಂದರೆ ತಾವೇ ಮುಂದಕ್ಕೆ ಬೀಳುತ್ತಿದ್ದೇವೆಂದು ಬಗೆದು ಬೆನ್ನನ್ನು ಹಿಂದಕ್ಕೆಳೆದರು. ನಿಂತಿದ್ದ ರೈಲಿನಲ್ಲಿ ಕುಳಿತಿರುವಾಗ ಪಕ್ಕದ ರೈಲು ಹೊರಟರೆ, ನಮ್ಮದೇ ಹೊರಟಿತೆಂದು ಬೆಚ್ಚುತ್ತೀರಲ್ಲ, ಅದೇ ಮೋಸ.

ಇನ್ನು ತಿಂಗಳುಗಳ ಲೆಕ್ಕಕ್ಕೆ ಬರೋಣ. 1997ರಿಂದ 2003ರವರೆಗೆ ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳ ಬೆಳವಣಿಗೆಯ ದೊಡ್ಡದೊಂದು ಅಧ್ಯಯನ ನಡೆಸಿತು. ಅದರಲ್ಲಿ ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕದ 816 ಆರೋಗ್ಯವಂತ ಮಕ್ಕಳನ್ನು ಕೂರುವುದು, ಅಂಬೆಗಾಲಿಡುವುದು, ನಿಲ್ಲುವುದು, ನಡೆಯುವುದು ಮುಂತಾದ ಆರು ಹಂತಗಳಿಗಾಗಿ ಗಮನಿಸಲಾಯಿತು. ಭಾರತದ ಮಕ್ಕಳು ದೆಹಲಿಯವರು. ತರಬೇತಾದ ಕಾರ್ಯಕರ್ತರು ನಾಲ್ಕನೆಯ ತಿಂಗಳಿನಿಂದ ಮೊದಲ ವರ್ಷ ಪೂರ್ತಿ ತಿಂಗಳಿಗೊಮ್ಮೆ ಮನೆಗೆ ಹೋಗಿ ನೋಡಿ ಬರೆದುಕೊಂಡರು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ನೂರು ಮಕ್ಕಳನ್ನು ಕೂತ ದಿನದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದಿರಿ ಎಂದುಕೊಳ್ಳಿ. ಸಾಲಿನ ಮೊದಲನೆಯ ಮಗು 3.8 ತಿಂಗಳಿಗೆ ಕೂತಿರುತ್ತದೆ. ನಟ್ಟನಡುವಿನ ಮಗು ಸುಮಾರು ಆರು ತಿಂಗಳಿಗೆ. ತೊಂಬತ್ತೊಂಬತ್ತನೆಯದು 9.2 ತಿಂಗಳಿಗೆ. ಇವರೆಲ್ಲರೂ ಆರೋಗ್ಯವಂತರೇ. ಮುಂದಿನವನಿಗೂ ಹಿಂದಿನವನಿಗೂ ಐದು ತಿಂಗಳಿಗಿಂತ ಹೆಚ್ಚು ಅಂತರ!

ಈ ಅಂತರ ನಿಮಗೆ ಅರ್ಥವಾದರೆ ಎಷ್ಟೋ ಮನೆಗಳ ಕಣ್ಣೀರು ಉಳಿಯುತ್ತದೆ. "ಎದುರುಮನೆ ಮಗು ಐದಕ್ಕೇ ಕೂತಿತು, ನಮ್ಮದು ಏಳಾದರೂ ಇಲ್ಲ" ಎಂದು ಹೊಸ ತಾಯಿ ಒಳಗೊಳಗೇ ಕೊರಗುತ್ತಾಳೆ. ಬಂದವರು ಹೋದವರು ಹಾಲು ಸಾಲದೇನೋ, ದೃಷ್ಟಿಯೇನೋ ಎಂದು ಇನ್ನಷ್ಟು ಸೇರಿಸುತ್ತಾರೆ. ಬೇಗ ಕೂತ ಮಗು ಮುಂದೆ ಜಾಣನಾಗುತ್ತದೆ ಎಂದುಕೊಳ್ಳುವುದಕ್ಕೂ ಆಧಾರವಿಲ್ಲ. ಅಂಬೆಗಾಲಿನ ಮಾತು ಕೇಳಿದರೆ ನಿಮಗೆ ಇನ್ನೂ ಆಶ್ಚರ್ಯವಾದೀತು. ಆ 816 ಮಕ್ಕಳಲ್ಲಿ ನೂರಕ್ಕೆ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಅಂಬೆಗಾಲಿಡಲೇ ಇಲ್ಲ.

ಮಕ್ಕಳು ಕೂರುವುದು ತಾವಾಗಿಯೋ, ನಾವು ಕಲಿಸುವುದರಿಂದಲೋ? ಇದು ಹಳೆಯ ಚರ್ಚೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಅರ್ನಾಲ್ಡ್ ಗೆಸೆಲ್, ಮಕ್ಕಳ ಚಲನೆಯನ್ನು ಚಲನಚಿತ್ರಗಳಲ್ಲಿ ಸೆರೆಹಿಡಿದು ತಿಂಗಳವಾರು ಪಟ್ಟಿ ಮಾಡಿದರು. ಹಣ್ಣು ಮಾಗಿದಂತೆ ನರಮಂಡಲ ಮಾಗುತ್ತದೆ, ಆಗ ಮಗು ಕೂರುತ್ತದೆ, ಅವಸರ ಮಾಡಿ ಫಲವಿಲ್ಲ ಎಂಬುದು ಅವರ ನಿಲುವು. ಬಹುಕಾಲ ಎಲ್ಲರೂ ಅದನ್ನೇ ಒಪ್ಪಿದ್ದರು. ಆಮೇಲೆ ಕೆನ್ಯಾದಿಂದ ಬೇರೆ ಸುದ್ದಿ ಬಂತು. ಅಲ್ಲಿನ ಕಿಪ್ಸಿಗಿಸ್ ಜನರ ಹಳ್ಳಿಯಲ್ಲಿದ್ದು ಅಭ್ಯಾಸ ಮಾಡಿದ ಚಾರ್ಲ್ಸ್ ಸೂಪರ್ 1976ರಲ್ಲಿ ಬರೆದದ್ದು ಹೀಗೆ: ಅಲ್ಲಿನ ತಾಯಂದಿರು ನೆಲದಲ್ಲಿ ಚಿಕ್ಕ ಕುಳಿ ತೋಡಿ, ಸುತ್ತ ಬಟ್ಟೆಯ ಆತು ಕೊಟ್ಟು ಮಗುವನ್ನು ಅದರಲ್ಲಿ ಕೂರಿಸಿ ಅಭ್ಯಾಸ ಮಾಡಿಸುತ್ತಾರೆ. ಹೀಗೆ ಕಲಿಸುವುದಕ್ಕೆ ಅವರ ಭಾಷೆಯಲ್ಲಿ ಪ್ರತ್ಯೇಕ ಪದವೇ ಇದೆ. ಅಲ್ಲಿನ ಮಕ್ಕಳು ಅಮೆರಿಕದ ಮಕ್ಕಳಿಗಿಂತ ಸುಮಾರು ಒಂದು ತಿಂಗಳು ಮೊದಲೇ ಕೂರುತ್ತಿದ್ದರು. ಆದರೆ ತಾಯಂದಿರು ಕಲಿಸದ ಕೆಲಸಗಳಲ್ಲಿ, ಅಂದರೆ ಅಂಬೆಗಾಲು ಮುಂತಾದವುಗಳಲ್ಲಿ, ಅವರೇನೂ ಮುಂದಿರಲಿಲ್ಲ. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಆರು ದೇಶಗಳ ಐದು ತಿಂಗಳ ಮಕ್ಕಳನ್ನು ಅವರವರ ಮನೆಯಲ್ಲೇ ನೋಡಿದಾಗ, ಕೆನ್ಯಾ ಮತ್ತು ಕ್ಯಾಮರೂನಿನ ಮಕ್ಕಳಲ್ಲಿ ಕೆಲವರು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಒಂಟಿಯಾಗಿ ಕೂತಿದ್ದರು. ಬೇರೆ ಕಡೆಯ ಅದೇ ವಯಸ್ಸಿನ ಎಷ್ಟೋ ಮಕ್ಕಳು ಕುರ್ಚಿಯಲ್ಲೋ ತೊಡೆಯ ಮೇಲೋ ಒರಗಿಕೊಂಡಿದ್ದರು. ಹಣ್ಣು ಮಾಗುವುದು ನಿಜ. ಆದರೆ ಬಿಸಿಲಿನಲ್ಲಿಟ್ಟ ಹಣ್ಣಿಗೂ ನೆರಳಿನಲ್ಲಿಟ್ಟ ಹಣ್ಣಿಗೂ ವ್ಯತ್ಯಾಸವುಂಟು.

ನಮ್ಮಲ್ಲೂ ಒಂದು ಪದ್ಧತಿಯಿದೆ. ಅಜ್ಜಿ ಬಚ್ಚಲಲ್ಲಿ ಕಾಲು ನೀಡಿ ಕುಳಿತು, ಕಣಕಾಲಿನ ಮೇಲೆ ಮಗುವನ್ನು ಬೋರಲು ಮಲಗಿಸಿ ಎಣ್ಣೆ ತಿಕ್ಕಿ ನೀರೆರೆಯುತ್ತಾರೆ. ಆಗ ಮಗು ಕತ್ತೆತ್ತಿ ಬೊಬ್ಬೆ ಹಾಕುತ್ತದೆ. ಆ ಬೊಬ್ಬೆಯ ಜೊತೆಗೆ ಕತ್ತು, ಭುಜ, ಬೆನ್ನಿಗೆ ಒಳ್ಳೆಯ ವ್ಯಾಯಾಮ. ಅಮೆರಿಕದಲ್ಲಿ 1994ರಿಂದ, ನಿದ್ದೆಯಲ್ಲಿ ಸಂಭವಿಸುವ ಹಠಾತ್ ಸಾವನ್ನು ತಪ್ಪಿಸಲು ಮಕ್ಕಳನ್ನು ಅಂಗಾತವೇ ಮಲಗಿಸಬೇಕೆಂದು ಪ್ರಚಾರ ನಡೆಯಿತು. ಅದು ಸರಿಯಾದ ಸಲಹೆ, ನಮಗೂ ಸಲ್ಲುತ್ತದೆ. ಅದರ ಜೊತೆಗೆ, ಎಚ್ಚರವಿದ್ದಾಗ ದಿನಕ್ಕಿಷ್ಟು ಹೊತ್ತು ಕಣ್ಣೆದುರೇ ಬೋರಲು ಹಾಕಿ ಆಡಿಸಿ ಎಂದೂ ಅಲ್ಲಿನ ವೈದ್ಯರು ಹೇಳಬೇಕಾಯಿತು. ನಮ್ಮ ಅಜ್ಜಿಯರಿಗೆ ಅದನ್ನು ಹೇಳಿಕೊಡುವವರು ಬೇಕಿರಲಿಲ್ಲ. ಅಜ್ಜಿಯರು ಮಾಡಿದ್ದೆಲ್ಲ ಸರಿಯೆಂದು ನಾನು ಹೇಳುತ್ತಿಲ್ಲ. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು ಬೇಡವೇ ಬೇಡ.

ಕೂತ ಮೇಲೆ ಮಗುವಿನ ಲೋಕ ತಲೆಕೆಳಗಾಗುತ್ತದೆ, ಅಲ್ಲ, ನೆಟ್ಟಗಾಗುತ್ತದೆ. ಅಲ್ಲಿಯವರೆಗೆ ಕಂಡದ್ದು ಸೂರು, ತೊಟ್ಟಿಲ ಹಗ್ಗ, ಬಗ್ಗಿ ನೋಡುವ ಮುಖಗಳು. ಈಗ ಬಾಗಿಲು, ಬೆಕ್ಕು, ಅಣ್ಣನ ಪುಸ್ತಕ. ಕೈ ಬಿಡುವಾದ್ದರಿಂದ ವಸ್ತುವನ್ನು ಹಿಡಿದು, ತಿರುಗಿಸಿ, ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಿ, ಬಡಿದು, ಬಾಯಿಗಿಟ್ಟು ಪರೀಕ್ಷಿಸುತ್ತದೆ. ಊಟದ ಸಂಗತಿಯೂ ಇದಕ್ಕೆ ಅಂಟಿಕೊಂಡಿದೆ. ಆರು ತಿಂಗಳವರೆಗೆ ಎದೆಹಾಲು ಮಾತ್ರ, ಆಮೇಲೆ ಅದರೊಡನೆ ಮೆದುವಾದ ಆಹಾರ ಎಂದು ವೈದ್ಯರು ಹೇಳುತ್ತಾರೆ. ಕತ್ತು ನಿಂತು, ಆಸರೆಯಲ್ಲಾದರೂ ಕೂರಬಲ್ಲ ಮಗು ಉಸಿರುಗಟ್ಟದಂತೆ ನುಂಗಬಲ್ಲದು. ನಮ್ಮ ಮನೆಗಳಲ್ಲಿ ಅನ್ನಪ್ರಾಶನಕ್ಕೆ ಆರನೆಯ ತಿಂಗಳು ಗೊತ್ತಾಗಿರುವುದು ಈ ಲೆಕ್ಕಕ್ಕೆ ಚೆನ್ನಾಗಿಯೇ ಹೊಂದುತ್ತದೆ.

ಕೂರಲು ಕಲಿತ ಮಾತ್ರಕ್ಕೆ ಎಲ್ಲ ಕಲಿತಂತಲ್ಲ. ಕ್ಯಾರೆನ್ ಅಡಾಲ್ಫ್ ಎಂಬ ಅಮೆರಿಕದ ವಿಜ್ಞಾನಿ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂಬತ್ತೂವರೆ ತಿಂಗಳ ಮಕ್ಕಳಿದ್ದರು. ಕೂರುವುದರಲ್ಲಿ ಪಳಗಿದವರು, ಅಂಬೆಗಾಲಿಗೆ ಹೊಸಬರು. ಎತ್ತರದ ಹಲಗೆಯ ನಡುವೆ ಒಂದು ಸಂದು; ಅದನ್ನು ಬೇಕಾದಷ್ಟು ಅಗಲ ಮಾಡಬಹುದು. ಆಚೆ ಒಂದು ಆಟಿಕೆ. ಸಂದಿನ ಅಂಚಿನಲ್ಲಿ ಕೂತಿದ್ದಾಗ ಮಕ್ಕಳು ತಮ್ಮ ಕೈಗೆ ಎಟುಕುವುದೋ ಇಲ್ಲವೋ ಎಂದು ಚೆನ್ನಾಗಿ ಅಂದಾಜು ಮಾಡಿದರು; ಎಟುಕದಿದ್ದರೆ ಬಾಗಲಿಲ್ಲ. ಅದೇ ಮಕ್ಕಳು ಅಂಬೆಗಾಲಿನ ಭಂಗಿಯಲ್ಲಿದ್ದಾಗ ದಾಟಲಾಗದ ಸಂದಿಗೂ ನುಗ್ಗಿದರು. ಹಿಡಿಯಲು ಪಕ್ಕದಲ್ಲೇ ಒಬ್ಬರು ಸಿದ್ಧವಾಗಿದ್ದರೆನ್ನಿ. ಕೂತು ಕಲಿತ ವಿವೇಕ ತೆವಳುವಾಗ ಕೆಲಸಕ್ಕೆ ಬರಲಿಲ್ಲ. ಪ್ರತಿ ಹೊಸ ಭಂಗಿಗೂ ಮಗು ಮತ್ತೆ ಒಂದನೆಯ ತರಗತಿಗೆ ಸೇರುತ್ತದೆ.

ಇಲ್ಲಿಯವರೆಗೆ ಗಾಬರಿ ಬೇಡ ಎಂದೆ. ಇನ್ನು ಸುಮ್ಮನಿರಬಾರದ ಸಂದರ್ಭ. ಇದನ್ನು ನನ್ನ ತಪ್ಪಿನಿಂದಲೇ ಹೇಳಬೇಕು.

ನನ್ನ ಚಿಕ್ಕಮ್ಮನ ಮಗಳಿಗೆ ಗಂಡುಮಗುವಾಗಿತ್ತು. ಎಂಟನೆಯ ತಿಂಗಳಲ್ಲಿ ನೋಡಲು ಹೋದಾಗ ಮಗು ಕೂರುತ್ತಿರಲಿಲ್ಲ. ಅದಕ್ಕಿಂತ, ಎತ್ತಿಕೊಂಡಾಗ ಕಾಲುಗಳು ಕತ್ತರಿಯಂತೆ ಬಿಗಿಯಾಗಿ ಹೆಣೆದುಕೊಳ್ಳುತ್ತಿದ್ದವು. ಆಟಿಕೆಯನ್ನು ಯಾವಾಗಲೂ ಎಡಗೈಯಿಂದಲೇ ಹಿಡಿಯುತ್ತಿತ್ತು. ಬಲಗೈ ಮುಷ್ಟಿ ಬಿಚ್ಚುತ್ತಿರಲಿಲ್ಲ. ನಾನು ತರಗತಿಯಲ್ಲಿ ಜೀವಶಾಸ್ತ್ರ ಹೇಳುವವನು. ಇವು ಏನೆಂದು ನನಗೆ ಗೊತ್ತಿತ್ತು. ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮ, "ಏನೂ ಇಲ್ಲ ಕಣೋ, ಇವರಪ್ಪನೂ ಹೀಗೇ ಸೋಮಾರಿ, ವರ್ಷ ತುಂಬೋ ಹೊತ್ತಿಗೆ ಕೂತಿದ್ದಂತೆ" ಎಂದರು. ನಾಮಕರಣಕ್ಕೆ ಬಾರದವನು ಈಗ ಬಂದು ಕೆಟ್ಟ ಮಾತು ಆಡಿದ ಎನ್ನಿಸಿಕೊಳ್ಳುವುದು ಬೇಡವೆಂದು ಕಾಫಿ ಕುಡಿದು ಎದ್ದು ಬಂದೆ. ವೈದ್ಯರ ಬಳಿ ಹೋದದ್ದು ಹನ್ನೊಂದು ತಿಂಗಳಿಗೆ. ಸೆರೆಬ್ರಲ್ ಪಾಲ್ಸಿ, ಅಂದರೆ ಬೆಳೆಯುತ್ತಿರುವ ಮಿದುಳಿಗೆ ಪೆಟ್ಟಾಗಿ ಸ್ನಾಯುಗಳ ಹತೋಟಿ ಕೆಟ್ಟಿರುವ ಸ್ಥಿತಿ. ಅಂದಿನಿಂದ ಆ ತಾಯಿ ದಿನವೂ ಮಗುವನ್ನು ಹೊತ್ತು ಬಸ್ಸು ಹತ್ತಿ ವ್ಯಾಯಾಮ ಚಿಕಿತ್ಸೆಗೆ ಹೋದಳು. ಒಂದು ವರ್ಷ ಎಂಟು ತಿಂಗಳಿಗೆ ಹುಡುಗ ತಾನಾಗಿ ಕೂತ. "ಕೂತ ಕಣಣ್ಣ" ಎಂದು ಫೋನಿನಲ್ಲಿ ಹೇಳಿ ಅವಳು ಅತ್ತಳು. ಎರಡು ವರ್ಷದೊಳಗೆ ಕೂರುವ ಇಂಥ ಮಕ್ಕಳಲ್ಲಿ ಬಹುಮಂದಿ ಮುಂದೆ ನಡೆಯುತ್ತಾರೆ ಎಂದು ವೈದ್ಯರು ಹೇಳಿದ್ದರು. ಅವನೂ ನಡೆದ, ಬಲಗಾಲು ಸ್ವಲ್ಪ ಎಳೆಯುತ್ತ. ಈಗ ಹೈಸ್ಕೂಲಿನಲ್ಲಿದ್ದಾನೆ. ನಾನು ಸುಮ್ಮನಿದ್ದುದರಿಂದ ಹೋದ ಮೂರು ತಿಂಗಳು ಮಾತ್ರ ನನ್ನ ಲೆಕ್ಕದಲ್ಲಿ ಹಾಗೇ ಉಳಿದಿವೆ.

ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ ಅನುವಂಶೀಯ ಕಾಯಿಲೆಯ ಹೆಸರನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು, ಕೋಟಿಗಟ್ಟಲೆ ಬೆಲೆಯ ಒಂದು ಚುಚ್ಚುಮದ್ದಿಗಾಗಿ ತಂದೆತಾಯಿ ನೆರವು ಬೇಡುವ ಸುದ್ದಿಯಲ್ಲಿ. ಒಂದು ಜೀನಿನ ಕೊರತೆಯಿಂದ ಬೆನ್ನುಹುರಿಯ ಚಾಲಕ ನರಕೋಶಗಳು ಸಾಯುತ್ತ ಹೋಗುತ್ತವೆ. ಈ ಕಾಯಿಲೆಯ ಬಗೆಗಳನ್ನು ವೈದ್ಯರು ವಿಂಗಡಿಸಿದ್ದು ಕೂರುವುದನ್ನು ಹಿಡಿದೇ. ಚಿಕಿತ್ಸೆಯಿಲ್ಲದಿದ್ದರೆ ಮೊದಲನೆಯ ಬಗೆಯ ಮಗು ಎಂದೂ ತಾನಾಗಿ ಕೂರುವುದಿಲ್ಲ. ಎರಡನೆಯ ಬಗೆಯದು ಕೂರುತ್ತದೆ, ಆದರೆ ಆಸರೆಯಿಲ್ಲದೆ ನಡೆಯುವುದಿಲ್ಲ. ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಪಡೆದ ಜೀನ್ ಚಿಕಿತ್ಸೆಯನ್ನು ಮೊದಲನೆಯ ಬಗೆಯ 22 ಮಕ್ಕಳಿಗೆ ಕೊಟ್ಟು ಪರೀಕ್ಷಿಸಿದಾಗ ವಿಜ್ಞಾನಿಗಳು ಗೆಲುವಿನ ಒಂದು ಅಳತೆಯಾಗಿ ಇಟ್ಟುಕೊಂಡದ್ದೇನು ಗೊತ್ತೆ? ಒಂದೂವರೆ ವರ್ಷದ ಹೊತ್ತಿಗೆ ಮಗು 30 ಸೆಕೆಂಡು ಒಂಟಿಯಾಗಿ ಕೂರುವುದು. 13 ಮಕ್ಕಳು ಕೂತರು. ಚಿಕಿತ್ಸೆಯಿಲ್ಲದ ಹಿಂದಿನ ದಾಖಲೆಗಳಲ್ಲಿ ಹಾಗೆ ಕೂತ ಮಗು ಒಂದೂ ಇರಲಿಲ್ಲ. ಇಂಥ ಚಿಕಿತ್ಸೆ ಬೇಗ ಸಿಕ್ಕಷ್ಟೂ ಗುಣ ಹೆಚ್ಚು, ಏಕೆಂದರೆ ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ.

ಆದ್ದರಿಂದ ಒಂಬತ್ತು ತಿಂಗಳು ತುಂಬಿದರೂ ಮಗು ಆಸರೆಯಿಲ್ಲದೆ ಕೂರದಿದ್ದರೆ ವೈದ್ಯರಿಗೆ ತೋರಿಸಬೇಕು. ನಾಲ್ಕು ಐದು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಮೈ ಬಟ್ಟೆಯ ಗೊಂಬೆಯಂತೆ ಸಡಿಲವಾಗಿದ್ದರೆ ಅಥವಾ ಕಟ್ಟಿಗೆಯಂತೆ ಬಿಗಿಯಾಗಿದ್ದರೆ, ಒಂದೇ ಕೈ ಬಳಸುತ್ತಿದ್ದರೆ, ಬರುತ್ತಿದ್ದ ವಿದ್ಯೆ ಮರೆತು ಹೋದಂತಾದರೆ ಒಂಬತ್ತರವರೆಗೂ ಕಾಯಬಾರದು. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಲೆಕ್ಕ ಬೇರೆ. ಎರಡು ತಿಂಗಳು ಮೊದಲೇ ಹುಟ್ಟಿದ್ದರೆ ಆ ಎರಡು ತಿಂಗಳನ್ನು ವಯಸ್ಸಿನಿಂದ ಕಳೆದು ನೋಡಬೇಕು. ತಾಯಿ ಕಾರ್ಡಿನಲ್ಲಿ ಯಾವ ವಯಸ್ಸಿಗೆ ಮಗು ಏನು ಮಾಡಬೇಕೆಂದು ಚಿತ್ರಗಳಿವೆ. ನೀವು ಓದಿ ಮನೆಯವರಿಗೆ ಹೇಳಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇಂಥ ಮಕ್ಕಳ ತಪಾಸಣೆಗೂ ಚಿಕಿತ್ಸೆಗೂ ಏರ್ಪಾಡಿದೆ. ಅಂಗನವಾಡಿಯಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ.

ಆರೋಗ್ಯವಂತ ಮಗುವಿಗೆ ಬೇಕಾದದ್ದು ಬಹಳ ಕಡಿಮೆ. ಗುಡಿಸಿದ ನೆಲ, ಚಾಪೆ, ಕೈಗೆ ತುಸು ಎಟುಕದಂತೆ ಒಂದು ಸ್ಟೀಲಿನ ಲೋಟ. ಚಕ್ರ ಕಟ್ಟಿದ ವಾಕರಿನಿಂದ ಮಗು ಬೇಗ ನಡೆಯುವುದಿಲ್ಲ, ಮೆಟ್ಟಿಲಿನಿಂದ ಉರುಳುವುದುಂಟು. ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು.

ಬರುವ ರಜೆಯಲ್ಲಿ ಐದಾರು ತಿಂಗಳ ಕೂಸಿರುವ ಮನೆಗೆ ಹೋದರೆ ಒಂದು ಗಡಿಯಾರ, ಒಂದು ನೋಟು ಪುಸ್ತಕ ಇಟ್ಟುಕೊಳ್ಳಿ. ಕೈ ಊರಿ ಎಷ್ಟು ಹೊತ್ತು, ಒಂದು ಕೈ ಎತ್ತಿ ಎಷ್ಟು ಹೊತ್ತು, ಎರಡೂ ಎತ್ತಿ ಎಷ್ಟು ಹೊತ್ತು, ಯಾವ ಕಡೆ ಬಿತ್ತು ಎಂದು ದಿನಾಂಕದೊಡನೆ ಬರೆಯಿರಿ. ಹತ್ತು ಸೆಕೆಂಡು ದಾಟಿದ ದಿನದ ಪುಟವನ್ನು ಹರಿದು ಆ ತಾಯಿಗೆ ಕೊಟ್ಟು ಬನ್ನಿ. ಇನ್ನು ಹದಿನೈದು ವರ್ಷಕ್ಕೆ ಆ ಮಗು ಬಂದು "ನಾನು ಯಾವಾಗ ಕೂತೆ?" ಎಂದು ಕೇಳಿದಾಗ, ಆ ಮನೆಯಲ್ಲಿ ಜಗಳವಾಗುವುದಿಲ್ಲ.